ಎರಡು ವರ್ಷ ಬಳಸಿದ ಮೇಲೆ ಒಂದು ಅಸ್ಥಿಮಾಪನ ಪೆಟ್ಟಿಗೆ

ಎರಡು ವರ್ಷಗಳ ಹಿಂದೆ ನಮ್ಮ ವೈದ್ಯಕೀಯ ಕಾಲೇಜಿನ ಅಂಗರಚನಾಶಾಸ್ತ್ರ ವಿಭಾಗಕ್ಕೆ ಅಂಬಾಲದ ತಯಾರಕರೊಬ್ಬರಿಂದ ಅಸ್ಥಿಮಾಪನದ ಪೆಟ್ಟಿಗೆಯೊಂದನ್ನು ತರಿಸಿದೆವು. 150 ಮಿ.ಮೀ. ವರೆಗೆ ತೆರೆಯುವ ಎರಡು ದವಡೆಗಳ ನಡುವೆ ವಸ್ತುವನ್ನು ಹಿಡಿದು ಅಳೆಯುವ ಡಿಜಿಟಲ್ ಕ್ಯಾಲಿಪರ್, ತಲೆಬುರುಡೆಗೆಂದು ಬಾಗಿದ ತೋಳುಗಳ ಸ್ಪ್ರೆಡಿಂಗ್ ಕ್ಯಾಲಿಪರ್, ಕೈಕಾಲುಗಳ ಉದ್ದಮೂಳೆಗಳನ್ನು ಮಲಗಿಸಿ ಅಳೆಯುವ ಹಲಗೆ, ಕೆಳದವಡೆಯ ಕೋನ ನೋಡುವ ಮ್ಯಾಂಡಿಬ್ಯುಲೋಮೀಟರ್ ಮತ್ತು ಒಂದು ತೆಳುವಾದ ಕೈಪಿಡಿ ಅದರಲ್ಲಿದ್ದವು. ಸ್ನಾತಕೋತ್ತರ ವಿದ್ಯಾರ್ಥಿಗಳ ಎರಡು ತಂಡಗಳು ತಮ್ಮ ಪ್ರಬಂಧಗಳಿಗಾಗಿ ಇದನ್ನು ಹೆಚ್ಚುಕಡಿಮೆ ದಿನವೂ ಬಳಸಿವೆ, ನಾನೂ ಬಳಸಿದ್ದೇನೆ. ಕೊಳ್ಳುವ ಯೋಚನೆಯಲ್ಲಿರುವವರಿಗೆ ಮೊದಲೇ ಹೇಳಿಬಿಡುತ್ತೇನೆ: ಲೋಹದ ಭಾಗಗಳಲ್ಲಿ ಕೊಟ್ಟ ದುಡ್ಡಿಗೆ ಮೋಸವಿಲ್ಲ, ಕಾಗದದ ಭಾಗದ ವಿಷಯದಲ್ಲಿ ಮಾತ್ರ ಬಹಳ ಎಚ್ಚರ ಬೇಕು.

ಮೂಳೆಯ ಉದ್ದಗಲ ಅಳೆದು ಆಗಬೇಕಾದದ್ದೇನು ಎಂದು ಬೇರೆ ವಿಭಾಗದವರು ಆಗಾಗ ಕೇಳುತ್ತಾರೆ. ನಾವು ತರಗತಿಯಲ್ಲಿ ಹೇಳಿಕೊಡುವ ಅಳತೆಗಳು ಬಹುಮಟ್ಟಿಗೆ ಯೂರೋಪು ಮತ್ತು ಅಮೆರಿಕದ ದೇಹಗಳಿಂದ ಬಂದವು. ಮಂಡಿ ಬದಲಾಯಿಸುವ ಶಸ್ತ್ರಚಿಕಿತ್ಸಕರಿಗೆ ಇದರ ಬಿಸಿ ಚೆನ್ನಾಗಿ ತಗುಲಿದೆ. ಪಾಶ್ಚಾತ್ಯ ಅಳತೆಗೆ ತಯಾರಾದ ಕೃತಕ ಕೀಲು ನಮ್ಮ ಕಡೆಯ ಹೆಂಗಸರ ಚಿಕ್ಕ ಮಂಡಿಯಲ್ಲಿ ಮೂಳೆಯ ಅಂಚನ್ನು ಮೀರಿ ಹೊರಚಾಚಿದಾಗ ಸುತ್ತಲಿನ ಮೃದು ಭಾಗಗಳಿಗೆ ಉಜ್ಜಿ ನೋವು ಉಳಿದುಬಿಡುತ್ತದೆ. ಪೊಲೀಸರು ತಂದೊಪ್ಪಿಸುವ ಅನಾಮಧೇಯ ಮೂಳೆಯಿಂದ ವ್ಯಕ್ತಿಯ ಎತ್ತರ, ಲಿಂಗ ನಿರ್ಣಯಿಸಬೇಕಾದ ನ್ಯಾಯವೈದ್ಯಶಾಸ್ತ್ರದವರಿಗೂ ಇದೇ ಪಾಡು. ಇದರಲ್ಲೊಂದು ವಿಪರ್ಯಾಸವೂ ಇದೆ. 1985ರಲ್ಲಿ ಭಾರತ ಸರ್ಕಾರ ಮಾನವ ಅಸ್ಥಿಗಳ ರಫ್ತನ್ನು ನಿಷೇಧಿಸುವವರೆಗೂ ಬ್ರಿಟನ್ ಮತ್ತು ಅಮೆರಿಕದ ಎಷ್ಟೋ ತರಗತಿಗಳಲ್ಲಿ ತೂಗುತ್ತಿದ್ದ ಅಸ್ಥಿಪಂಜರಗಳು ಕಲ್ಕತ್ತೆಯ ದಾರಿಯಾಗಿ ಹೋದ ನಮ್ಮವರವೇ ಆಗಿದ್ದವು. ಅವರು ನಮ್ಮ ಮೂಳೆಯನ್ನು ಮುಂದಿಟ್ಟುಕೊಂಡು ತಮ್ಮ ಅಳತೆಯನ್ನು ಓದುತ್ತಿದ್ದರು, ಇತ್ತ ನಾವು ಅವರ ಪುಸ್ತಕ ಹಿಡಿದು ನಮ್ಮ ಮೂಳೆಯನ್ನು ಅರ್ಥ ಮಾಡಿಕೊಳ್ಳಲು ಹೆಣಗುತ್ತಿದ್ದೆವು.

ಪೆಟ್ಟಿಗೆಯಲ್ಲಿ ಹೆಚ್ಚು ಬಳಕೆಯಾಗುವುದು ಡಿಜಿಟಲ್ ಕ್ಯಾಲಿಪರ್. ತುಕ್ಕು ಹಿಡಿಯದ ಉಕ್ಕಿನ ಮೈ, ಹೆಬ್ಬೆರಳಿನಿಂದ ತಳ್ಳುವ ಪುಟ್ಟ ಗಾಲಿ, ಓದಲು ಸುಲಭವಾದ ದೊಡ್ಡ ಅಂಕಿಗಳು. ತೆರೆಯುವಾಗ ಮುಚ್ಚುವಾಗ ಎಲ್ಲೂ ಬಿಗಿಯಾಗದೆ, ಸಡಿಲವೂ ಆಗದೆ ಒಂದೇ ಹದದಲ್ಲಿ ಜಾರುತ್ತದೆ. ಪಕ್ಕದ ಎಂಜಿನಿಯರಿಂಗ್ ಕಾಲೇಜಿನಿಂದ ಎರವಲು ತಂದ, ಅಳತೆ ಕರಾರುವಾಕ್ಕಾಗಿ ಗೊತ್ತಿರುವ ಗೇಜ್ ಬ್ಲಾಕ್ ತುಂಡುಗಳನ್ನು ದವಡೆಗಳ ನಡುವೆ ಇಟ್ಟು ಪರೀಕ್ಷಿಸಿದಾಗ ಅದು ಹೇಳಿಕೊಂಡ ಮಿತಿಯೊಳಗೇ ಇತ್ತು. ಆದರೆ ಪರದೆಯ ಮೇಲೆ ಮಿಲಿಮೀಟರಿನ ನೂರನೇ ಒಂದು ಭಾಗದವರೆಗೆ ಅಂಕಿ ಮೂಡುವುದೇ ಹೊಸಬರನ್ನು ದಾರಿತಪ್ಪಿಸುತ್ತದೆ. ತೊಡೆಮೂಳೆಯ ತಲೆಯ ವ್ಯಾಸವನ್ನು ಒಬ್ಬಳೇ ವಿದ್ಯಾರ್ಥಿನಿ ಬೆಳಿಗ್ಗೆಯೊಮ್ಮೆ ಸಂಜೆಯೊಮ್ಮೆ ಅಳೆದರೆ ಕೊನೆಯ ಅಂಕಿ ಎಂದೂ ಒಂದೇ ಬರುವುದಿಲ್ಲ, ಅದರ ಹಿಂದಿನ ಅಂಕಿಯೂ ಎಷ್ಟೋ ಸಲ ಬದಲಾಗುತ್ತದೆ. ಮೂಳೆ ಯಂತ್ರದಲ್ಲಿ ಕಡೆದ ಉಕ್ಕಿನ ಗುಂಡಲ್ಲ. ಅದರ ಮೇಲ್ಮೈ ಅಲ್ಲಲ್ಲಿ ಸವೆದಿರುತ್ತದೆ, ಮಳೆಗಾಲದಲ್ಲಿ ತೇವ ಹೀರಿಕೊಂಡಿರುತ್ತದೆ, ದೊಡ್ಡ ವ್ಯಾಸ ಯಾವ ದಿಕ್ಕಿನಲ್ಲಿದೆ ಎಂಬುದನ್ನು ಬೆರಳುಗಳೇ ಹುಡುಕಬೇಕಾಗುತ್ತದೆ. ನಮ್ಮಲ್ಲಿ ಈಗ ಎರಡನೇ ದಶಾಂಶವನ್ನು ಬರೆದುಕೊಳ್ಳುವುದನ್ನೇ ಬಿಟ್ಟಿದ್ದೇವೆ. ಪ್ರತಿ ಮೂಳೆಯನ್ನೂ ವಾರದ ಅಂತರದಲ್ಲಿ ಎರಡು ಸಲ ಅಳೆದು, ವ್ಯತ್ಯಾಸಗಳ ವರ್ಗಗಳನ್ನು ಕೂಡಿಸಿ, ಆ ಮೊತ್ತವನ್ನು ಮೂಳೆಗಳ ಸಂಖ್ಯೆಯ ಎರಡರಷ್ಟರಿಂದ ಭಾಗಿಸಿ ವರ್ಗಮೂಲ ತೆಗೆದರೆ ಸಿಗುವ ಮಾಪನದೋಷವೇ ಪ್ರಬಂಧದಲ್ಲಿ ಅಚ್ಚಾಗಬೇಕಾದ ನಿಖರತೆ. ಕಂಪನಿಯ ಚೀಟಿಯ ಮೇಲಿರುವುದು ಉಪಕರಣದ ನಿಖರತೆ ಮಾತ್ರ.

ಈ ಕ್ಯಾಲಿಪರಿನ ಒಳದವಡೆಗಳು ಸಾಕಷ್ಟು ತೆಳುವಾಗಿವೆ ಎಂಬುದು ನನ್ನ ಮಟ್ಟಿಗೆ ದೊಡ್ಡ ಅನುಕೂಲ. ತೋಳಿನ ಮೂಳೆಯ ಕೆಳತುದಿಯಲ್ಲಿ, ಮೊಣಕೈಯ ಮೇಲೆ, ಎದುರುಬದುರಾಗಿರುವ ಎರಡು ಗುಳಿಗಳ ನಡುವೆ ಕಾಗದದಷ್ಟು ತೆಳುವಾದ ಎಲುಬಿನ ಪರದೆಯಿದೆ. ಕೆಲವರಲ್ಲಿ ಆ ಪರದೆ ಇರುವುದೇ ಇಲ್ಲ, ಅದರ ಜಾಗದಲ್ಲಿ ಒಂದು ರಂಧ್ರವಿರುತ್ತದೆ. ಈ ರಂಧ್ರ ಬಲಗೈಗಿಂತ ಎಡಗೈಯಲ್ಲಿ, ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು ಕಾಣಿಸುತ್ತದೆ. ಎಷ್ಟು ಮಂದಿಯಲ್ಲಿ ಕಾಣಿಸುತ್ತದೆ ಎಂಬುದು ಜನಸಮುದಾಯದಿಂದ ಸಮುದಾಯಕ್ಕೆ ಬಹಳವಾಗಿ ಬದಲಾಗುತ್ತದೆ. ರಂಧ್ರವಿರುವ ಮೂಳೆಯ ಮಜ್ಜೆಯ ನಾಳ ಕೆಳತುದಿಯಲ್ಲಿ ಕಿರಿದಾಗಿರುವುದುಂಟು, ಆದ್ದರಿಂದ ಮುರಿದ ತೋಳಿಗೆ ಒಳಗಿನಿಂದ ಸರಳು ಹಾಕುವ ಮೂಳೆವೈದ್ಯರಿಗೆ ಇದು ಬರಿಯ ಕುತೂಹಲದ ಸಂಗತಿಯಲ್ಲ. ಆ ರಂಧ್ರದ ಅಂಚು ಎಷ್ಟು ನಾಜೂಕೆಂದರೆ ದಪ್ಪ ದವಡೆಯ ಹಳೆಯ ವರ್ನಿಯರ್ ಕ್ಯಾಲಿಪರ್ ತಗುಲಿ ನಮ್ಮ ಸಂಗ್ರಹದ ಒಂದೆರಡು ಮೂಳೆಗಳು ಚೂರಾಗಿದ್ದವು. ಹೊಸ ಉಪಕರಣ ಬಂದ ಮೇಲೆ ಅಂಥದ್ದು ನಡೆದಿಲ್ಲ. ಮೂಳೆಯ ಮೈಮೇಲಿನ ಪೋಷಕ ರಂಧ್ರಗಳಂಥ ತೀರ ಸಣ್ಣ ತೂತುಗಳಿಗೆ ಮಾತ್ರ ಯಾವ ಕ್ಯಾಲಿಪರೂ ಇಳಿಯುವುದಿಲ್ಲ. ಅಲ್ಲಿ 24 ಗೇಜಿನ ಇಂಜೆಕ್ಷನ್ ಸೂಜಿಯೇ ಗತಿ.

ಇದರ ಒಂದು ದೌರ್ಬಲ್ಯವನ್ನು ಮುಚ್ಚಿಡುವಂತಿಲ್ಲ. ಸ್ವಿಚ್ ಆರಿಸಿದ ಮೇಲೂ ಒಳಗಿನ ವಿದ್ಯುನ್ಮಂಡಲ ಒಂದಿಷ್ಟು ಕೆಲಸ ಮಾಡುತ್ತಲೇ ಇರುವುದರಿಂದ ಗುಂಡಿಯಾಕಾರದ ಬ್ಯಾಟರಿ ಬೇಗ ಮುಗಿಯುತ್ತದೆ. ಅದಕ್ಕಿಂತ ತೊಂದರೆಯದ್ದು ತೇವ. ಜುಲೈ ತಿಂಗಳಲ್ಲಿ ಶವವಿಚ್ಛೇದನ ಕೊಠಡಿಯ ಒದ್ದೆ ಕೈಯಿಂದ ಮುಟ್ಟಿದಾಗ ಅಂಕಿಗಳು ಇದ್ದಕ್ಕಿದ್ದಂತೆ ಕುಣಿಯತೊಡಗಿದವು. ಅಳತೆಪಟ್ಟಿಯ ಮೇಲಿನ ನೀರಿನ ಪಸೆ ಇಂಥ ಉಪಕರಣದ ಸಂವೇದಕವನ್ನು ಗೊಂದಲಕ್ಕೀಡು ಮಾಡುತ್ತದೆ. ಒಣಬಟ್ಟೆಯಿಂದ ಒರೆಸಿ, ದವಡೆ ಮುಚ್ಚಿ ಸೊನ್ನೆಗೆ ತಂದ ಮೇಲೆ ಸರಿಹೋಯಿತು. ಆದರೆ ಅದನ್ನು ಗಮನಿಸದೆ ಒಂದು ಮಧ್ಯಾಹ್ನವಿಡೀ ಬರೆದುಕೊಂಡಿದ್ದ ಅಳತೆಗಳನ್ನೆಲ್ಲ ಹೊಡೆದುಹಾಕಬೇಕಾಯಿತು.

ಹಲಗೆಯ ವಿಷಯಕ್ಕೆ ಬರುತ್ತೇನೆ. ಒಂದು ಕೊನೆಯಲ್ಲಿ ಕದಲದ ನಿಲುಹಲಗೆ, ಇನ್ನೊಂದು ಕಡೆಯಿಂದ ಜಾರಿಬರುವ ನಿಲುಹಲಗೆ, ನಡುವೆ ಮಿಲಿಮೀಟರ್ ಗೆರೆಗಳು. 19ನೇ ಶತಮಾನದ ಪ್ಯಾರಿಸ್ಸಿನಲ್ಲಿ ಪಾಲ್ ಬ್ರೋಕಾ ಬಳಕೆಗೆ ತಂದ ಹಲಗೆಗೂ ಇದಕ್ಕೂ ತತ್ತ್ವದಲ್ಲಿ ಯಾವ ಭೇದವೂ ಇಲ್ಲ. ನಮಗೆ ಬಂದದ್ದರಲ್ಲಿ ಜಾರುವ ನಿಲುಹಲಗೆ ತುಸು ವಾಲಿತ್ತು. ಬಡಗಿಯೊಬ್ಬರನ್ನು ಕರೆಸಿ ಮೂಲೆಮಟ್ಟ ಹಿಡಿದು ನೋಡಿದಾಗ ಮೇಲ್ತುದಿಯಲ್ಲಿ ಒಂದು ಮಿಲಿಮೀಟರಿಗೂ ಹೆಚ್ಚು ಅಂತರ ಕಂಡಿತು. ಅವರೇ ಅರ್ಧ ಗಂಟೆಯಲ್ಲಿ ಸರಿಮಾಡಿಕೊಟ್ಟರು. ಕೊಳ್ಳುವವರು ಪೆಟ್ಟಿಗೆ ಬಿಚ್ಚಿದ ದಿನವೇ ಈ ಪರೀಕ್ಷೆ ಮಾಡುವುದು ಒಳ್ಳೆಯದು, ಏಕೆಂದರೆ ವಾಲಿದ ಹಲಗೆ ಎಲ್ಲ ಮೂಳೆಗಳನ್ನೂ ಒಂದೇ ದಿಕ್ಕಿಗೆ ತಪ್ಪಾಗಿ ಅಳೆಯುತ್ತದೆ, ಅಂಥ ತಪ್ಪು ಎರಡನೇ ಸಲ ಅಳೆದರೂ ಹೊರಬೀಳುವುದಿಲ್ಲ.

ಆದರೆ ಹಲಗೆ ಎಷ್ಟೇ ನೆಟ್ಟಗಿದ್ದರೂ ಅದರ ಮೇಲೆ ಏನನ್ನು ಅಳೆಯುತ್ತಿದ್ದೇವೆ ಎಂಬುದು ಖಚಿತವಿರಬೇಕು. ತೊಡೆಮೂಳೆಯನ್ನು ಅದು ಮಲಗಿದಂತೆ ಅಳೆದರೆ ಸಿಗುವ ಗರಿಷ್ಠ ಉದ್ದ ಒಂದು, ಕೆಳಗಿನ ಎರಡೂ ಉಬ್ಬುಗಳನ್ನು ನಿಲುಹಲಗೆಗೆ ತಾಗಿಸಿಟ್ಟು ಅಳೆದರೆ ಸಿಗುವ ಉದ್ದ ಇನ್ನೊಂದು. ಎರಡರ ನಡುವೆ ಹಲವು ಮಿಲಿಮೀಟರುಗಳ ವ್ಯತ್ಯಾಸ ಬರಬಹುದು. ಮಂಡಿಯ ಕೆಳಗಿನ ದೊಡ್ಡ ಮೂಳೆಯಾದ ಟಿಬಿಯಾದ ಕಥೆ ಇನ್ನೂ ಸ್ವಾರಸ್ಯಕರವಾದದ್ದು. ಉದ್ದಮೂಳೆಗಳಿಂದ ಮನುಷ್ಯನ ಎತ್ತರ ಲೆಕ್ಕ ಹಾಕಲು ಜಗತ್ತಿನಾದ್ಯಂತ ಬಳಕೆಯಾದ ಸೂತ್ರಗಳನ್ನು ಮಿಲ್ಡ್ರೆಡ್ ಟ್ರಾಟರ್ ಮತ್ತು ಗೋಲ್ಡೀನ್ ಗ್ಲೆಸರ್ 1952ರಲ್ಲಿ ಪ್ರಕಟಿಸಿದರು. ಎರಡನೇ ಮಹಾಯುದ್ಧದಲ್ಲಿ ಮಡಿದ ಅಮೆರಿಕದ ಸೈನಿಕರ ಮೂಳೆಗಳೂ ಟೆರಿ ಸಂಗ್ರಹದ ಅಸ್ಥಿಪಂಜರಗಳೂ ಅವಕ್ಕೆ ಆಧಾರ. ಟಿಬಿಯಾದ ಕೆಳತುದಿಯಲ್ಲಿ ಒಳಮಗ್ಗುಲಿಗೆ ಇಳಿದಿರುವ ಗಂಟನ್ನು ಸೇರಿಸಿಯೇ ಅಳೆಯಬೇಕೆಂದು ಅವರ ವಿವರಣೆ ಹೇಳುತ್ತದೆ. 1990ರ ದಶಕದಲ್ಲಿ ರಿಚರ್ಡ್ ಜಾಂಟ್ಸ್ ಮತ್ತು ಸಂಗಡಿಗರು ಅದೇ ಮೂಳೆಗಳನ್ನು ಹುಡುಕಿ ಮತ್ತೆ ಅಳೆದಾಗ, ಟ್ರಾಟರ್ ಆ ಗಂಟನ್ನು ಬಿಟ್ಟು ಅಳೆದಿದ್ದರೆಂಬುದು ಬಯಲಾಯಿತು. ಹೀಗಾಗಿ ವಿವರಣೆಯನ್ನು ನಿಷ್ಠೆಯಿಂದ ಪಾಲಿಸಿದವರಿಗೇ ಉತ್ತರ ತಪ್ಪುತ್ತಿತ್ತು. ವ್ಯಕ್ತಿ ಇದ್ದದ್ದಕ್ಕಿಂತ ಸರಾಸರಿ 2.5ರಿಂದ 3 ಸೆಂ.ಮೀ. ಎತ್ತರವಾಗಿ ತೋರುತ್ತಿದ್ದ. ನಲವತ್ತು ವರ್ಷಗಳ ಕಾಲ ಎಷ್ಟು ಪ್ರಯೋಗಾಲಯಗಳು, ಎಷ್ಟು ನ್ಯಾಯಾಲಯಗಳು ಆ ಸೂತ್ರವನ್ನು ನೆಚ್ಚಿದ್ದವೋ! ಅಳತೆಯ ಉಪಕರಣ ಕೆಟ್ಟಿರಲಿಲ್ಲ, ಅಳೆದವರು ಅನುಭವಿಗಳೇ ಆಗಿದ್ದರು. ಈ ಪ್ರಸಂಗವನ್ನು ನಾನು ಪ್ರತಿ ತಂಡಕ್ಕೂ ಹಲಗೆಯನ್ನು ಮುಟ್ಟಿಸುವ ಮೊದಲೇ ಹೇಳುತ್ತೇನೆ.

ಸ್ಪ್ರೆಡಿಂಗ್ ಕ್ಯಾಲಿಪರ್ ಸಾಧಾರಣ ದರ್ಜೆಯದು. ಹುಬ್ಬುಗಳ ನಡುವಿನ ಬಿಂದುವಿನಿಂದ ಹಿಂದಲೆಯ ತುದಿಯವರೆಗಿನ ಉದ್ದಕ್ಕೂ ಬುರುಡೆಯ ಅಗಲಕ್ಕೂ ಇದು ಬೇಕೇ ಬೇಕು, ಆದರೆ ತೋಳುಗಳು ತೆಳುವಾಗಿರುವುದರಿಂದ ಒತ್ತಿ ಹಿಡಿದರೆ ಅರ್ಧ ಮಿಲಿಮೀಟರಿನಷ್ಟು ಬಾಗುತ್ತವೆ. ಸ್ವಿಟ್ಜರ್ಲೆಂಡಿನಲ್ಲಿ ತಯಾರಾಗುವ ಜಿಪಿಎಂ ಉಪಕರಣದಲ್ಲಿ ಈ ತೊಂದರೆ ನಾನು ಕಂಡಿಲ್ಲ. ಅದರ ಬೆಲೆ ಕೇಳಿದರೆ ನಮ್ಮ ಖರೀದಿ ಸಮಿತಿ ಎದ್ದು ಹೋದೀತು. ಹಗುರವಾಗಿ ಹಿಡಿಯುವ ಒಬ್ಬರೇ ಎಲ್ಲ ಬುರುಡೆಗಳನ್ನೂ ಅಳೆಯುವುದು ಇದಕ್ಕಿರುವ ಪರಿಹಾರ. ಹಾರ್ವರ್ಡಿನ ಮಾನವಶಾಸ್ತ್ರಜ್ಞ ವಿಲಿಯಂ ಹೋವೆಲ್ಸ್ 1965ರಿಂದ 1980ರವರೆಗೆ ದೇಶದೇಶ ತಿರುಗಿ 28 ಜನಸಮುದಾಯಗಳ 2,524 ಬುರುಡೆಗಳ ಮೇಲೆ 57 ಬಗೆಯ ಅಳತೆಗಳನ್ನು ತಾವೇ ತೆಗೆದುಕೊಂಡರು. ಇಂದಿಗೂ ಅವರ ದತ್ತಾಂಶವನ್ನು ಎಲ್ಲರೂ ಎಡತಾಕುವುದಕ್ಕೆ ಎಲ್ಲವೂ ಒಂದೇ ಕೈಯ ಅಳತೆ ಎಂಬುದು ಮುಖ್ಯ ಕಾರಣ. ಮ್ಯಾಂಡಿಬ್ಯುಲೋಮೀಟರ್ ಬಗ್ಗೆ ಹೇಳುವಂಥದ್ದೇನೂ ಇಲ್ಲ, ತನ್ನ ಕೆಲಸವನ್ನು ಅದು ಮಾಡುತ್ತದೆ.

ಬುರುಡೆಯ ಒಳಗಾತ್ರ ಅಳೆಯುವ ಸಾಧನ ಪೆಟ್ಟಿಗೆಯಲ್ಲಿಲ್ಲ. ನಮ್ಮ ಹುಡುಗರು ಇಂದಿಗೂ ರಂಧ್ರಗಳಿಗೆ ಹತ್ತಿ ತುರುಕಿ, ಸಾಸಿವೆ ತುಂಬಿ, ಅದನ್ನು ಅಳತೆಯ ಜಾಡಿಗೆ ಸುರಿದು ನೋಡುತ್ತಾರೆ. ಫಿಲಡೆಲ್ಫಿಯಾದ ಸ್ಯಾಮ್ಯುಯೆಲ್ ಮಾರ್ಟನ್ ಕೂಡ 19ನೇ ಶತಮಾನದ ಮೊದಲರ್ಧದಲ್ಲಿ ಸಾಸಿವೆಯಿಂದಲೇ ಆರಂಭಿಸಿದ್ದು, ಕಾಳುಗಳು ಒಂದೊಂದು ಸಲ ಒಂದೊಂದು ರೀತಿ ಒತ್ತಾಗಿ ಕೂರುತ್ತವೆ ಎಂದು ಕಂಡು ಸೀಸದ ಗುಂಡುಗಳಿಗೆ ಬದಲಾಯಿಸಿಕೊಂಡ. ಸಾಸಿವೆಯನ್ನು ಎಷ್ಟು ಸಲ ಕುಟ್ಟಿ ತುಂಬಿಸಬೇಕೆಂಬುದನ್ನು ಮೊದಲೇ ಗೊತ್ತುಮಾಡಿಕೊಳ್ಳದಿದ್ದರೆ, ಯಾವ ಬುರುಡೆ ದೊಡ್ಡದೆಂದು ನಮ್ಮ ಮನಸ್ಸು ಎಣಿಸಿದೆಯೋ ಅದರೊಳಗೆ ಇನ್ನೊಂದು ಹಿಡಿ ಕಾಳು ಹೋಗಿಬಿಡುತ್ತದೆ.

ಕೈಪಿಡಿಯ ಹೊದಿಕೆಯ ಮೇಲೆ ಈ ಉಪಕರಣಗಳು ಅಂಗಗಳನ್ನು ಅಳೆಯಲಿಕ್ಕೂ ತಕ್ಕವು ಎಂದು ಅಚ್ಚಾಗಿದೆ. ಅದನ್ನು ಒಪ್ಪಲಾರೆ. ಮೂತ್ರಪಿಂಡದ ಎರಡು ತುದಿಗಳ ನಡುವಿನ ಉದ್ದವನ್ನು ಕ್ಯಾಲಿಪರಿನಿಂದ ಹಿಡಿಯಬಹುದು ನಿಜ, ಆದರೆ ದವಡೆ ಒತ್ತಿದಷ್ಟೂ ಅಂಗ ತಗ್ಗುತ್ತದೆ, ಎಲ್ಲಿ ನಿಲ್ಲಿಸಬೇಕೆಂಬುದಕ್ಕೆ ಗುರುತಿಲ್ಲ. ಗುಲ್ಮ, ಯಕೃತ್ತುಗಳ ಗಾತ್ರಕ್ಕೆ ನೀರು ತುಂಬಿದ ಜಾಡಿಯಲ್ಲಿ ಮುಳುಗಿಸಿ ಹೊರಚೆಲ್ಲಿದ ನೀರನ್ನು ಅಳೆಯುವ ಹಳೆಯ ಪದ್ಧತಿಯೇ ಮೇಲು. ಇದಲ್ಲದೆ ನಮಗೆ ಸಿಗುವುದು ಫಾರ್ಮಲಿನ್‌ನಲ್ಲಿ ತಿಂಗಳುಗಟ್ಟಲೆ ಇದ್ದು ಬಿಗಿದ ಅಂಗಗಳು. ಪಠ್ಯಪುಸ್ತಕ ಮೂತ್ರಪಿಂಡದ ಉದ್ದ ಸುಮಾರು 11 ಸೆಂ.ಮೀ. ಎನ್ನುತ್ತದೆ, ನಮ್ಮ ಜನರ ಸ್ಕ್ಯಾನಿಂಗ್ ವರದಿಗಳಲ್ಲಿ ಸಾಮಾನ್ಯವಾಗಿ ಅದಕ್ಕಿಂತ ಕಡಿಮೆ ಇರುತ್ತದೆ. ಈ ವ್ಯತ್ಯಾಸ ಜೀವಂತ ದೇಹದ ಅಲ್ಟ್ರಾಸೌಂಡಿನಲ್ಲಿ ತೋರಿದರೆ ಅದಕ್ಕೆ ಬೆಲೆಯಿದೆ. ಫಾರ್ಮಲಿನ್ ಅಂಗದ ಮೇಲೆ ಕ್ಯಾಲಿಪರ್ ಇಟ್ಟು ಅದನ್ನೇ ಹೇಳಿದರೆ, ಯಾವುದು ಜನರ ವ್ಯತ್ಯಾಸ, ಯಾವುದು ರಾಸಾಯನಿಕದ ಪರಿಣಾಮ ಎಂದು ಬಿಡಿಸಲಾಗುವುದಿಲ್ಲ.

ಈಗ ಆ ಕೈಪಿಡಿಯ ಒಳಪುಟಗಳು. ಅದರ ಒಂದು ಕೋಷ್ಟಕ ಪ್ರಕಾರ ತೊಡೆಮೂಳೆಯ ತಲೆಯ ವ್ಯಾಸ 47.5 ಮಿ.ಮೀ. ಮೀರಿದರೆ ಗಂಡು, 42.5 ಮಿ.ಮೀ.ಗಿಂತ ಕಡಿಮೆಯಿದ್ದರೆ ಹೆಣ್ಣು. ಈ ಗಡಿಗಳು ಅಮೆರಿಕದ ಟಿ. ಡಿ. ಸ್ಟುವರ್ಟ್ ಅಲ್ಲಿನ ಅಸ್ಥಿಗಳಿಗಾಗಿ ಕೊಟ್ಟವು. ಅದನ್ನು ಕೈಪಿಡಿ ಎಲ್ಲೂ ಹೇಳುವುದಿಲ್ಲ. ಮನುಷ್ಯರೆಲ್ಲರಿಗೂ ಅನ್ವಯಿಸುವ ನಿಯಮದಂತೆ ಅಚ್ಚುಹಾಕಿದೆ. ನಮ್ಮ ಕಪಾಟಿನ ಮೂಳೆಗಳ ಮೇಲೆ ಪ್ರಯೋಗಿಸಿದರೆ 47.5 ದಾಟುವುದು ಅಪರೂಪ, ಕೈಪಿಡಿಯನ್ನು ನಂಬಿದರೆ ಈ ಸೀಮೆಯಲ್ಲಿ ಗಂಡಸರೇ ಇರಲಿಲ್ಲವೆಂದಾಗುತ್ತದೆ. ಸ್ಥಳೀಯ ಗಡಿಯನ್ನು ನಾವೇ ಕಟ್ಟಿಕೊಳ್ಳೋಣವೆಂದರೆ ಹಳೆಯ ಮೂಳೆಗಳ ಲಿಂಗವಾಗಲಿ ವಯಸ್ಸಾಗಲಿ ಯಾವ ದಾಖಲೆಯಲ್ಲೂ ಇಲ್ಲ. ಕ್ಲೀವ್‌ಲ್ಯಾಂಡಿನ ಹಾಮನ್–ಟಾಡ್ ಸಂಗ್ರಹದಲ್ಲಿ ಮೂರು ಸಾವಿರಕ್ಕೂ ಹೆಚ್ಚು ಅಸ್ಥಿಪಂಜರಗಳ ಜೊತೆ ಅವರವರ ವಿವರಗಳಿವೆ. ನಮ್ಮಲ್ಲಿ ‘ಒಣ ಮೂಳೆ, ಲಿಂಗ ತಿಳಿಯದು’ ಎಂಬ ಷರಾ ಎಷ್ಟೋ ಪ್ರಬಂಧಗಳ ಮೊದಲ ಪುಟದಲ್ಲೇ ಇರುತ್ತದೆ. 1957ರ ಅಂಗರಚನಾ ಕಾಯಿದೆಯಡಿ ಈಗ ಬರುವ ದೇಹದಾನಗಳ ವಿವರಗಳನ್ನು ಮೂಳೆಯ ಜೊತೆಗೇ ಕಾಪಾಡಿಕೊಳ್ಳುವ ವ್ಯವಸ್ಥೆಯಾದರೆ, ಇಪ್ಪತ್ತು ವರ್ಷದ ಮೇಲೆ ಇಲ್ಲಿನದೇ ಕೋಷ್ಟಕ ಸಿದ್ಧವಾದೀತು.

ಇನ್ನೊಂದು ಪುಟದಲ್ಲಿ ಮೂಗಿನ ಸೂಚ್ಯಂಕವನ್ನು, ಅಂದರೆ ಮೂಗಿನ ಎತ್ತರಕ್ಕೆ ಅಗಲದ ಪ್ರಮಾಣವನ್ನು, ಮೂರು ವರ್ಗ ಮಾಡಿ, ಪ್ರತಿ ವರ್ಗದ ಎದುರಿಗೆ ಒಂದೊಂದು ‘ಜನಾಂಗ’ದ ಹೆಸರು ಬರೆದಿದ್ದಾರೆ. ಇದನ್ನು ಓದಿ ಬೇಸರವಾಯಿತು. ಬ್ರಿಟಿಷ್ ಅಧಿಕಾರಿ ಹರ್ಬರ್ಟ್ ರಿಸ್ಲಿ ಇದೇ ಸೂಚ್ಯಂಕದಿಂದ ಜಾತಿಗಳನ್ನು ಮೇಲುಕೀಳಾಗಿ ಜೋಡಿಸಲು ಹೊರಟಿದ್ದ. ರಿಸ್ಲಿಯ ಬಂಗಾಳದ ಅಂಕಿಗಳನ್ನು ಸಂಖ್ಯಾಶಾಸ್ತ್ರಜ್ಞ ಪ್ರಶಾಂತಚಂದ್ರ ಮಹಲನೋಬಿಸ್ ಪರಿಶೀಲಿಸಿ 1933ರಲ್ಲಿ ತಿದ್ದುಪಡಿಗಳನ್ನು ಪ್ರಕಟಿಸಿದರು. ಒಂದೇ ಅಳತೆಯನ್ನು ಹಿಡಿದು ಗುಂಪುಗಳನ್ನು ಬೇರ್ಪಡಿಸುವ ಬದಲು, ಅಳತೆಗಳು ಒಂದಕ್ಕೊಂದು ಹೇಗೆ ಹೆಣೆದುಕೊಂಡಿವೆ ಎಂಬುದನ್ನೂ ಲೆಕ್ಕಕ್ಕೆ ಹಿಡಿದು ಗುಂಪುಗಳ ನಡುವಿನ ದೂರವನ್ನು ಕಾಣುವ ಅವರ ಸೂತ್ರ 1936ರಲ್ಲಿ ಪೂರ್ಣರೂಪ ಪಡೆಯಿತು. ಕಲ್ಕತ್ತೆಯ ಆಂಗ್ಲೋ–ಇಂಡಿಯನ್ನರ ದೇಹದ ಅಳತೆಗಳಿಂದ ಹೊರಟ ಕೆಲಸವದು. ಅದೇ ಸೂತ್ರ ಹಿಡಿದು 1946ರಲ್ಲಿ ಕೇಂಬ್ರಿಜ್‌ಗೆ ಹೋದವರು ನಮ್ಮ ಹೂವಿನಹಡಗಲಿಯಲ್ಲಿ ಹುಟ್ಟಿದ ಸಂಖ್ಯಾಶಾಸ್ತ್ರಜ್ಞ ಸಿ. ಆರ್. ರಾವ್. ಸುಡಾನಿನ ಜೆಬೆಲ್ ಮೋಯಾದಲ್ಲಿ ಹೆನ್ರಿ ವೆಲ್ಕಮ್ ಮೊದಲ ಮಹಾಯುದ್ಧಕ್ಕೆ ಮುಂಚೆ ಅಗೆಸಿದ್ದ ಅಸ್ಥಿಗಳ ಅಳತೆಗಳನ್ನು ಅವರು ವಿಶ್ಲೇಷಿಸಿದರು. ಆ ವರದಿ 1955ರಲ್ಲಿ ಬಂತು. ಸಂಖ್ಯಾಶಾಸ್ತ್ರದ ಇಷ್ಟು ದೊಡ್ಡ ಸಾಧನೆ ಮೂಳೆಗಳ ನಡುವೆ ನಡೆದಿರುವಾಗ, ಇದೇ ದೇಶದಲ್ಲಿ ತಯಾರಾದ ಪೆಟ್ಟಿಗೆಯ ಕೈಪಿಡಿ ರಿಸ್ಲಿಯ ಕಾಲದಲ್ಲೇ ನಿಂತುಬಿಟ್ಟಿರುವುದಕ್ಕೆ ಯಾವ ಸಮಜಾಯಿಷಿಯೂ ಸಾಲದು.

ಮಾರಾಟದ ನಂತರದ ಸೇವೆ ಚೆನ್ನಾಗಿಯೇ ಇದೆ. ವಾಲಿದ ನಿಲುಹಲಗೆಯ ವಿಷಯ ತಿಳಿಸಿದಾಗ ಹೊಸದನ್ನು ಕಳಿಸಿದರು, ತಡವಾದರೂ ಸಾಗಣೆ ವೆಚ್ಚ ಕೇಳಲಿಲ್ಲ. ಕೈಪಿಡಿಯ ಬಗ್ಗೆ ಬರೆದ ಪತ್ರಕ್ಕೆ ಮಾತ್ರ ಉತ್ತರ ಬರಲಿಲ್ಲ. ಪೂರ್ತಿ ಪೆಟ್ಟಿಗೆಗೆ ಹಣ ಒದಗದವರು ಡಿಜಿಟಲ್ ಕ್ಯಾಲಿಪರನ್ನೂ ಹಲಗೆಯನ್ನೂ ಬಿಡಿಯಾಗಿ ಕೊಂಡರೆ ಮುಕ್ಕಾಲು ಪಾಲು ಕೆಲಸ ನಡೆಯುತ್ತದೆ. ಹಲಗೆಯನ್ನು ಊರಿನ ಒಳ್ಳೆಯ ಬಡಗಿಯಿಂದ ಹದಬಂದ ತೇಗದಲ್ಲಿ ಮಾಡಿಸಿಕೊಂಡರೂ ನಷ್ಟವಿಲ್ಲ. ನಮ್ಮ ಪೆಟ್ಟಿಗೆಯಲ್ಲಿ ಕೈಪಿಡಿ ಇರುತ್ತಿದ್ದ ಜಾಗದಲ್ಲಿ ಈಗ ಒಂದು ನೋಟುಪುಸ್ತಕವಿದೆ. ಅಳೆಯಲು ಕುಳಿತವರು ದಿನಾಂಕ, ತಮ್ಮ ಹೆಸರು, ಸೊನ್ನೆ ನೋಡಿದ ಹೊತ್ತು, ಟಿಬಿಯಾವನ್ನು ಗಂಟು ಸೇರಿಸಿ ಅಳೆದರೋ ಬಿಟ್ಟು ಅಳೆದರೋ ಎಂಬುದನ್ನು ಅದರಲ್ಲಿ ಬರೆದ ಮೇಲೆಯೇ ಕ್ಯಾಲಿಪರನ್ನು ಕೈಗೆ ತೆಗೆದುಕೊಳ್ಳುತ್ತಾರೆ.